ನೇತಾಜಿಯನ್ನು ಹೊತ್ತು ಸಾಗಿದ ಯು-180

ನಮಸ್ಕಾರ ಕೇಳುಗರೇ.

ನೇತಾಜಿ ಸುಭಾಷ್‌ಚಂದ್ರ ಬೋಸರು ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೊರಟ ಕತೆ ನಮಗೆಲ್ಲ ಗೊತ್ತು. ಶಾಲೆಯ ಪಾಠದಲ್ಲಿ ಎರಡೇ ಸಾಲಿಗೆ ಮುಗಿದುಹೋಗುತ್ತದೆ, ಅಲ್ವಾ? ಆ ಜಲಾಂತರ್ಗಾಮಿಗೆ ಆಮೇಲೆ ಏನಾಯಿತು? ಇವತ್ತು ಅದನ್ನೇ ಹೇಳುತ್ತೇನೆ.

ಅದಕ್ಕೆ ಹೆಸರಿರಲಿಲ್ಲ, ಬರೀ ನಂಬರು. ಯು-180. ಉದ್ದ ಸುಮಾರು 87 ಮೀಟರ್. ನೀರಿನ ಮೇಲೆ ಜೋರಾಗಿ ಓಡಲಿ ಎಂದು, ವೇಗದ ಟಾರ್ಪೆಡೊ ದೋಣಿಗಳ ಆರು ಡೀಸೆಲ್ ಎಂಜಿನ್‌ಗಳನ್ನು ಅದರ ಹೊಟ್ಟೆಯಲ್ಲಿ ಕೂರಿಸಿದ್ದರು. ವೇಗವೇನೋ ಬಂತು. ಆದರೆ ಎಂಜಿನ್‌ಗಳು ವಿಪರೀತ ಕಾಯುತ್ತಿದ್ದವು, ಎಣ್ಣೆ ಜಾಸ್ತಿ ಕುಡಿಯುತ್ತಿದ್ದವು, ದಟ್ಟ ಹೊಗೆ ಉಗುಳುತ್ತಿದ್ದವು. ಬಚ್ಚಿಟ್ಟುಕೊಂಡೇ ಸಾಗಬೇಕಾದವರಿಗೆ ಆ ಹೊಗೆ ಎಷ್ಟು ಅಪಾಯ, ಯೋಚಿಸಿ.

1943ರ ಫೆಬ್ರವರಿ 9ರಂದು ಅದು ಕೀಲ್ ಬಂದರು ಬಿಟ್ಟಿತು. ಕಮಾಂಡರ್ ವೆರ್ನರ್ ಮುಜೆನ್‌ಬೆರ್ಗ್. ಒಳಗೆ ನೇತಾಜಿ, ಜೊತೆಗೆ ಅವರ ಸಹಾಯಕ, ಹೈದರಾಬಾದಿನ ಆಬಿದ್ ಹಸನ್. ಗಾಳಿಯಿಲ್ಲ, ಬೆಳಕಿಲ್ಲ, ಎಲ್ಲೆಲ್ಲೂ ಡೀಸೆಲ್ ವಾಸನೆ. ಅಂಥದ್ದರಲ್ಲೂ ನೇತಾಜಿ ಹೇಳುತ್ತಾ ಹೋಗುತ್ತಿದ್ದರು, ಹಸನ್ ಬರೆದುಕೊಳ್ಳುತ್ತಿದ್ದರು. ಉಗ್ರಾಣದಲ್ಲಿ ಅಕ್ಕಿ, ಬೇಳೆ ಸಿಕ್ಕಿದಾಗ ಹಸನ್ ಕಿಚಡಿ ಮಾಡಿ ಬಡಿಸಿದರಂತೆ. ಸಾವಿರಾರು ಮೈಲಿ ದೂರದ ಆ ಕಡಲಲ್ಲಿ ಒಂದು ತಟ್ಟೆ ಕಿಚಡಿ! ನನಗೆ ಈ ಪ್ರಯಾಣದಲ್ಲಿ ತುಂಬಾ ಇಷ್ಟವಾದ ಗಳಿಗೆ ಇದು.

ಆದರೆ ಅದು ಯುದ್ಧಕ್ಕೆಂದೇ ಕಟ್ಟಿದ ದೋಣಿ. ಏಪ್ರಿಲ್ 18ರಂದು ಆಫ್ರಿಕಾದ ದಕ್ಷಿಣದ ಕಡಲಲ್ಲಿ ಕಾರ್ಬಿಸ್ ಎಂಬ ಬ್ರಿಟಿಷ್ ತೈಲ ಹಡಗನ್ನು ಮುಳುಗಿಸಿತು. ಆ ಹಡಗಿನ ಹೆಚ್ಚಿನ ನಾವಿಕರು ಸತ್ತರು. ನೇತಾಜಿಯ ಸಾಹಸ ಹೇಳುವಾಗ ಅವರನ್ನೂ ನೆನೆಯಬೇಕು.

ಏಪ್ರಿಲ್ 26ಕ್ಕೆ ಮಡಗಾಸ್ಕರ್‌ನ ಆಗ್ನೇಯಕ್ಕೆ ಜಪಾನಿನ ಜಲಾಂತರ್ಗಾಮಿ ಐ-29 ಎದುರಾಯಿತು. ಕಡಲು ಮಾತ್ರ ಕುದಿಯುತ್ತಿತ್ತು. ಕೊನೆಗೆ 28ರಂದು ನೇತಾಜಿ ಮತ್ತು ಹಸನ್ ರಬ್ಬರ್ ದೋಣಿಯಲ್ಲಿ, ಅಲೆಗಳಲ್ಲಿ ಪೂರ್ತಿ ನೆನೆದು, ಆ ಕಡೆ ದಾಟಿದರು. ಇಬ್ಬರು ಜಪಾನಿ ಅಧಿಕಾರಿಗಳು ಈ ಕಡೆ ಬಂದರು, ಜೊತೆಗೆ ಚಿನ್ನದ ಗಟ್ಟಿಗಳೂ ಬಂದವು.

ಯು-180 ತಿರುಗಿ ಹೊರಟಿತು. ದಾರಿಯಲ್ಲಿ ಬೋರಿಸ್ ಎಂಬ ಗ್ರೀಕ್ ಹಡಗನ್ನು ಮುಳುಗಿಸಿ, ಜುಲೈನಲ್ಲಿ ಫ್ರಾನ್ಸಿನ ಬೋರ್ಡೊ ಸೇರಿತು. ಅಲ್ಲಿ ಹಳೆಯ ಎಂಜಿನ್‌ಗಳನ್ನು ಕಿತ್ತು, ಅದನ್ನು ಸರಕು ಸಾಗಿಸುವ ದೋಣಿ ಮಾಡಿದರು.

1944ರ ಆಗಸ್ಟ್. ಮಿತ್ರಪಡೆಗಳು ಫ್ರಾನ್ಸಿನ ಒಳಗೆ ನುಗ್ಗುತ್ತಿದ್ದವು, ಬೋರ್ಡೊ ಖಾಲಿ ಮಾಡಲೇಬೇಕಿತ್ತು. ಹೊಸ ಕಮಾಂಡರ್ ರೋಲ್ಫ್ ರೀಸೆನ್ ಜೊತೆ ಯು-180 ಮತ್ತೆ ಪೂರ್ವದ ಕಡೆಗೆ ಹೊರಟಿತು. ಬಿಸ್ಕೆ ಕೊಲ್ಲಿ ದಾಟಲೇ ಇಲ್ಲ. ಆಗಸ್ಟ್ 23ರ ಸುಮಾರಿಗೆ ಕಾಣೆಯಾಯಿತು. ಕಡಲಲ್ಲಿ ಹಾಕಿದ್ದ ಸಿಡಿಗುಂಡಿಗೆ ತಗುಲಿರಬೇಕು ಎಂದು ಆಗ ಎಣಿಸಿದರು. ಒಳಗಿದ್ದ 56 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಅದಕ್ಕೆ ಸುಮಾರು ಒಂದು ತಿಂಗಳ ಮೊದಲು, ಜುಲೈ 26ರಂದು ಫಿಲಿಪೀನ್ಸ್ ಬಳಿ ಐ-29 ಕೂಡ ಅಮೆರಿಕದ ಜಲಾಂತರ್ಗಾಮಿಯ ಟಾರ್ಪೆಡೊಗೆ ಬಲಿಯಾಗಿತ್ತು.

ನೇತಾಜಿ ಐ-29ರ ಮೇಲೆ ಜಪಾನಿ ನಾವಿಕರ ಜೊತೆಗಿರುವ ಒಂದು ಫೋಟೋ ಇದೆ. ನೀವೂ ನೋಡಿರಬಹುದು. ಎರಡೂವರೆ ತಿಂಗಳು ಅವರನ್ನು ಹೊತ್ತು ತಂದ ಜರ್ಮನ್ನರು ಅದರಲ್ಲಿಲ್ಲ. ಅಷ್ಟರಲ್ಲಿ ಅವರು ವಾಪಸ್ ಹೊರಟಿದ್ದರು.

ನಮಸ್ಕಾರ.