ಇದೇ ನೋವಾ?

ಒಂದು ಸಾಕ್ಸ್ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಬೇಕು? ಈಗ ನೀವು ನೋಡ್ತಿರೋ ಕ್ಲಿಪ್‌ನಲ್ಲಿ ನನಗೆ ನಾಲ್ಕು ನಿಮಿಷ ಹಿಡಿದಿದೆ. ಫಾಸ್ಟ್ ಫಾರ್ವರ್ಡ್ ಮಾಡಿದ್ದೀನಿ, ಗಾಬರಿಯಾಗ್ಬೇಡಿ. ಸೊಂಟದಲ್ಲಿ ಹುಟ್ಟಿದ ಸೆಳೆತ ತೊಡೆ ದಾಟಿ, ಕಾಲಿನ ಹೊರಬದಿಯಲ್ಲಿ ಇಳಿದು ಹೆಬ್ಬೆರಳಿಗೆ ಬಂದು ನಿಲ್ತಿತ್ತು, ಕರೆಂಟ್ ಹೊಡೆದ ಹಾಗೆ. ಮಾತ್ರೆ, ಫಿಸಿಯೋಥೆರಪಿ, ಬಿಸಿ ಶಾಖ ಎಲ್ಲಾ ಆಯ್ತು.

ಇದು ನನ್ನ ಎಂಆರ್‌ಐ. ಎಲ್4-ಎಲ್5, ಎಲ್5-ಎಸ್1, ಅಂದ್ರೆ ಸೊಂಟದ ತೀರಾ ಕೆಳಗಿನ ಎರಡು ಸಂದು. ಎರಡು ಕಡೆಯೂ ಡಿಸ್ಕ್, ಅಂದ್ರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ. ರಿಪೋರ್ಟ್ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ. ಮರುದಿನ ಡಾಕ್ಟರ್ ಅದನ್ನ ಪಕ್ಕಕ್ಕಿಟ್ಟು, "ಉಬ್ಬಿದೆ ಸರಿ, ನೋಯ್ತಿರೋದು ಅದೇನಾ ಅನ್ನೋದು ಬೇರೆ ಪ್ರಶ್ನೆ" ಅಂದ್ರು. ಮನೆಗೆ ಬಂದು ಓದಿದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದ್ರಂತೆ. ಅವರಲ್ಲಿ ಶೇ. 52ರಷ್ಟು ಜನಕ್ಕೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು! ಆರಾಮಾಗಿ ಓಡಾಡ್ಕೊಂಡಿದ್ದವರು.

ಹಾಗಾದ್ರೆ ನನ್ನ ಎರಡರಲ್ಲಿ ಕಳ್ಳ ಯಾರು? ಆ ಡಿಸ್ಕ್‌ಗಳ ಪಕ್ಕ ಹಾದುಹೋಗೋ ನರಗಳಲ್ಲಿ ಎಲ್5 ಕೆರಳಿದ್ರೆ ನೋವು ಸಾಮಾನ್ಯವಾಗಿ ಹೆಬ್ಬೆರಳ ಕಡೆ ಹೋಗುತ್ತೆ, ಎಸ್1 ಆದ್ರೆ ಮೀನಖಂಡದಿಂದ ಕಿರುಬೆರಳ ಕಡೆ. ನನ್ನ ನೋವೋ, ಕೆಲವು ದಿನ ಮೀನಖಂಡಕ್ಕೂ ಹೋಗಿ ಬರ್ತಿತ್ತು. ಅದಕ್ಕೇ ಸೆಲೆಕ್ಟಿವ್ ನರ್ವ್ ರೂಟ್ ಬ್ಲಾಕ್. ಅಂದ್ರೆ ಅನುಮಾನ ಇರೋ ಒಂದೇ ಒಂದು ನರದ ಬುಡಕ್ಕೆ ಸೂಜಿಯಿಂದ ಔಷಧಿ ಬಿಟ್ಟು, ನೋವು ಹೋಗುತ್ತಾ ನೋಡೋದು. ಹೋದ್ರೆ ಕಳ್ಳ ಅದೇ.

ಬ್ಲಾಕ್ ಮಾಡೋ ಕೋಣೆಯೊಳಗೆ ಕ್ಯಾಮೆರಾ ಬಿಡಲಿಲ್ಲ, ಹಾಗಾಗಿ ಈ ನನ್ನ ಕೆಟ್ಟ ಚಿತ್ರಗಳನ್ನ ಸಹಿಸ್ಕೊಳ್ಳಿ. ಬೋರಲು ಮಲಗಿದ್ದೀನಿ, ಹೊಟ್ಟೆ ಕೆಳಗೆ ದಿಂಬು. ಸೊಂಟದ ಮೇಲೆ ಕಂದು ಬಣ್ಣದ, ಮಂಜಿನಂಥ ತಣ್ಣನೆ ದ್ರವ. ಸುತ್ತ ಇರೋರೆಲ್ಲ ಸೀಸದ ಏಪ್ರನ್ ಹಾಕಿದ್ದಾರೆ. ಮೇಲೊಂದು ಕೆಳಗೊಂದು ಕೈ ಚಾಚಿರೋ ಈ ಯಂತ್ರ ಸಿ-ಆರ್ಮ್, ಬೇಕಾದಾಗೆಲ್ಲ ಎಕ್ಸ್-ರೇ ತೋರಿಸ್ತಾ ಇರುತ್ತೆ. ನಿಜವಾಗಿ ಉರಿದದ್ದು ಚರ್ಮ ಮರಗಟ್ಟಿಸೋ ಮೊದಲ ಚುಚ್ಚು ಮಾತ್ರ.

ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತೆ, ನರ ಕಾಣಲ್ಲ. ಅದಕ್ಕೇ ಸೂಜಿ ತಲುಪಿದ ಮೇಲೆ ಎಕ್ಸ್-ರೇಯಲ್ಲಿ ಕಾಣೋ ದ್ರವ, ಡೈ, ಒಂಚೂರು ಬಿಡ್ತಾರೆ. ಕತ್ತು ತಿರುಗಿಸಿ ಮಾನಿಟರ್ ನೋಡಿದೆ: ಸೂಜಿ ತುದಿಯಿಂದ ಕಪ್ಪು ದಾರದ ಎಳೆಯೊಂದು ಓರೆಯಾಗಿ ಇಳೀತು. ಅದು ನನ್ನ ನರದ ಹಾದಿ. ಡೈ ಹಾಗೆ ನಿಲ್ಲದೆ ಥಟ್ಟನೆ ಹರಿದು ಮಾಯವಾದ್ರೆ ಸೂಜಿ ರಕ್ತನಾಳದಲ್ಲಿದೆ ಅಂತ ಅರ್ಥ. ಆಗ ಔಷಧಿ ಬಿಡೋ ಹಾಗಿಲ್ಲ.

ಅಷ್ಟರಲ್ಲಿ ಹೆಬ್ಬೆರಳಲ್ಲಿ ಚುಳುಕ್ ಅಂತು. "ಇದೇ ನೋವಾ?" ಡಾಕ್ಟರ್ ಕೇಳಿದ್ರು.

"ಇದೇ ಸಾರ್, ಇದೇ!" ಅಂದೆ. ನೋವು ಬಂದದ್ದಕ್ಕೆ ಇಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

ಹೀಗೆ ಚಿತ್ರ ನೋಡ್ಕೊಂಡೇ ಒಳಗೆ ಕೆಲಸ ಮಾಡೋದಕ್ಕೆ ದೊಡ್ಡ ತಿರುವು ಕೊಟ್ಟವರು ಅಮೆರಿಕದ ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್. 1964ರ ಜನವರಿ 16, ಪೋರ್ಟ್‌ಲ್ಯಾಂಡ್. 82 ವರ್ಷದ ಅಜ್ಜಿಯೊಬ್ಬರ ಕಾಲಿಗೆ ರಕ್ತ ಹರೀತಿಲ್ಲ, ಗ್ಯಾಂಗ್ರಿನ್ ಶುರುವಾಗಿದೆ. ಕಾಲು ತೆಗೀಬೇಕು ಅಂದ್ರೆ ಅಜ್ಜಿ ಸುತರಾಂ ಒಪ್ಪಲ್ಲ. ಡಾಟರ್ ತೊಡೆಯ ರಕ್ತನಾಳಕ್ಕೆ ತಂತಿ ತೂರಿಸಿ, ಅದರ ಮೇಲೆ ಕ್ಯಾತಿಟರ್ ಅನ್ನೋ ಸಣ್ಣ ಕೊಳವೆ ದೂಡಿ, ಕಿರಿದಾಗಿದ್ದ ಜಾಗವನ್ನ ಅಗಲ ಮಾಡಿದ್ರು. ಅಜ್ಜಿಯ ಕಾಲು ಉಳೀತು. ಅಲ್ಲೀತನಕ ರೇಡಿಯಾಲಜಿ ಅಂದ್ರೆ ಬಹುಪಾಲು ಚಿತ್ರ ತೆಗೆದು ರಿಪೋರ್ಟ್ ಬರೆಯೋ ಕೆಲಸ. ಇವತ್ತು ಶ್ವಾಸಕೋಶದ ಗಂಟಿನಿಂದ ಸಿಟಿ ಸ್ಕ್ಯಾನ್ ನೋಡ್ಕೊಂಡು ಪರೀಕ್ಷೆಗೆ ಚೂರು ತೆಗೆಯೋದೂ, ಅಲ್ಟ್ರಾಸೌಂಡ್ ನೋಡ್ಕೊಂಡು ಲಿವರ್ ಬಯಾಪ್ಸಿ ಮಾಡೋದೂ ಇದೇ ವಂಶದ್ದು.

ನನ್ನ ಕಥೆಗೆ ಬರೋಣ. ಸಿರಿಂಜಿನಲ್ಲಿದ್ದದ್ದು ಎರಡು ಔಷಧಿ. ಮರಗಟ್ಟಿಸೋದು ನಿಮಿಷಗಳಲ್ಲಿ ಕೆಲಸ ಮಾಡಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತೆ. ಇನ್ನೊಂದು ಉರಿಯೂತ ಇಳಿಸೋ ಸ್ಟೀರಾಯ್ಡ್, ಅದಕ್ಕೆ ಕೆಲವು ದಿನ ಬೇಕು. ಇದು ನನಗೆ ತಲೆಗೆ ಹೋಗಿರಲಿಲ್ಲ. ಮಧ್ಯಾಹ್ನ ನೋವು ಸೊನ್ನೆ, ಕುಣಿಯೋದೊಂದು ಬಾಕಿ. ರಾತ್ರಿ ಎಂಟಕ್ಕೆ ಅದೇ ಸೆಳೆತ ವಾಪಸ್! ಎಲ್ಲಾ ವ್ಯರ್ಥ ಆಯ್ತು ಅಂತ ಫೋನ್ ಮಾಡಿದೆ. "ಆ ನಾಲ್ಕೈದು ಗಂಟೆ ನೋವು ಇರಲಿಲ್ಲ ಅಲ್ವಾ? ನಮಗೆ ಬೇಕಿದ್ದ ಉತ್ತರ ಅದೇ. ಗಂಟೆಗಂಟೆಗೆ ಬರೆದಿಡಿ" ಅಂದ್ರು. ಈ ಪುಸ್ತಕ ಅದೇ, ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿರೋದು. ಬ್ಲಾಕ್ ಮಾಡಿಸ್ಕೊಳ್ಳೋರು ದಯವಿಟ್ಟು ಬರೆಯಿರಿ, ಮರುದಿನಕ್ಕೆ ಯಾರಿಗೂ ನೆನಪಿರಲ್ಲ.

ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ, ಡೈ ಅಲರ್ಜಿ ಇದ್ರೆ, ಬಸಿರಿದ್ರೆ ಮೊದಲೇ ಹೇಳಿ. ಮಾತ್ರೆಯನ್ನ ನೀವೇ ನಿಲ್ಲಿಸೋಕೆ ಹೋಗ್ಬೇಡಿ. ಸಕ್ಕರೆ ಕಾಯಿಲೆ ಇದ್ರೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಶುಗರ್ ಏರಬಹುದು. ಸೋಂಕು, ರಕ್ತಸ್ರಾವ, ನರಕ್ಕೆ ಪೆಟ್ಟು ಅಪರೂಪ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ. ಇದು ಡಿಸ್ಕನ್ನ ಒಳಗೆ ತಳ್ಳಲ್ಲ, ನರದ ಸುತ್ತಲಿನ ಉರಿಯೂತ ಇಳಿಸುತ್ತೆ ಅಷ್ಟೇ. ಕೆಲವರಿಗೆ ತಿಂಗಳುಗಟ್ಟಲೆ ಆರಾಮು, ಕೆಲವರಿಗೆ ಏನೂ ಆಗಲ್ಲ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಕೊಳ್ಳೋದು ನಮ್ಮ ಪಾಲಿನ ಕೆಲಸ.

ಇದು ಆರನೇ ದಿನದ ಬೆಳಗ್ಗೆ. ಪುಸ್ತಕದಲ್ಲಿ ಹತ್ತಕ್ಕೆ ಎರಡು. ಅದೇ ಸಾಕ್ಸ್, ಅದೇ ಕುರ್ಚಿ. ಈ ಕ್ಲಿಪ್ ಫಾಸ್ಟ್ ಫಾರ್ವರ್ಡ್ ಮಾಡಿಲ್ಲ.