ಆರಿದ್ರಾ ಮಳೆಯ ನಕ್ಷತ್ರ

ಏನೂ ಕಾಣುತ್ತಿಲ್ಲ ಅಂತ ಬೈಯಬೇಡಿ. ಇದು ನಮ್ಮ ಕಾಫಿ ಕಣ. ಜನವರಿ, ರಾತ್ರಿ ಎಂಟೂವರೆ. ಹಗಲೆಲ್ಲ ಒಣಗಿದ ರೊಬಸ್ಟಾವನ್ನು ಗುಡ್ಡೆ ಮಾಡಿ ಟಾರ್ಪಲ್ ಹೊದಿಸಿ ಆಯಿತು. ಈಗ ಕ್ಯಾಮೆರಾ ಮೇಲಕ್ಕೆ ತಿರುಗಿಸುತ್ತೇನೆ.

ಪೂರ್ವಕ್ಕೆ ಸಾಲಾಗಿ ಮೂರು ಚುಕ್ಕಿ ಇವೆ ಅಲ್ವಾ? ಅವುಗಳ ಎಡಕ್ಕೆ, ನಮ್ಮ ಕೊಡಗಿನ ಕಿತ್ತಳೆಯ ಬಣ್ಣದ್ದೊಂದು. ಅದೇ ಆರಿದ್ರಾ, ಇಂಗ್ಲಿಷಿನ ಬೀಟಲ್‌ಜ್ಯೂಸ್. ಜೂನ್ ಕೊನೆಗೆ ಗದ್ದೆಯ ಬದು ಒಡೆಯುವ ಹಾಗೆ ಸುರಿಯುತ್ತದಲ್ಲ ಆರಿದ್ರಾ ಮಳೆ, ಅದರ ಹೆಸರು ಇದರದ್ದೇ. ತಮಾಷೆ ಏನೆಂದರೆ, ಆ ಹೊತ್ತಿಗೆ ಸೂರ್ಯ ಇದರ ಹತ್ತಿರವೇ ಇರುತ್ತಾನೆ. ಮೋಡ ಇಲ್ಲದಿದ್ದರೂ ಆಗ ಇದು ಕಾಣುವುದಿಲ್ಲ. ಅದಕ್ಕೇ ಈ ಚಳಿಯಲ್ಲಿ ನಿಂತಿದ್ದೇನೆ.

ನಾನು ಎಷ್ಟು ಝೂಮ್ ಮಾಡಿದರೂ ಚುಕ್ಕಿ ಚುಕ್ಕಿಯೇ. ಆದರೆ ಇದರ ಅಗಲವನ್ನು 1920ರಲ್ಲೇ ಅಳೆದಿದ್ದಾರೆ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮೈಕಲ್ಸನ್ ಮತ್ತು ಪೀಸ್ ಎಂಬ ವಿಜ್ಞಾನಿಗಳು ದೊಡ್ಡ ಟೆಲಿಸ್ಕೋಪಿನ ಮೂತಿಗೆ 20 ಅಡಿಯ ತೊಲೆ ಕಟ್ಟಿ, ಅದರ ಮೇಲೆ ಕನ್ನಡಿಗಳನ್ನು ಸರಿಸುತ್ತಾ ಹೋದರು. ಸಿಕ್ಕ ಉತ್ತರ 0.047 ಆರ್ಕ್‌ಸೆಕೆಂಡ್ (ಒಂದು ಡಿಗ್ರಿ ಕೋನವನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಅಂದರೆ ಹತ್ತು ರೂಪಾಯಿ ನಾಣ್ಯವೊಂದನ್ನು ಸುಮಾರು 120 ಕಿಲೋಮೀಟರ್ ಆಚೆ ಇಟ್ಟು ನೋಡಿದ ಹಾಗೆ. ಮಡಿಕೇರಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಷ್ಟು ದೂರ!

ಈ ಉಪಾಯದ ಹೆಸರು ಇಂಟರ್‌ಫೆರೋಮೆಟ್ರಿ. ಮಳೆಗಾಲದಲ್ಲಿ ಹೆಂಚಿನ ಅಂಚಿನಿಂದ ಎರಡು ಹನಿ ಪಕ್ಕಪಕ್ಕ ಬಿದ್ದರೆ, ಅಂಗಳದ ನೀರಿನಲ್ಲಿ ಎರಡು ಬಳೆ ಎದ್ದು ಒಂದನ್ನೊಂದು ದಾಟುತ್ತವೆ. ಕೆಲವು ಕಡೆ ಅಲೆ ಜಾಸ್ತಿ ಏಳುತ್ತದೆ, ಕೆಲವು ಕಡೆ ನೀರು ಸುಮ್ಮನಾಗುತ್ತದೆ. ಎರಡು ಕನ್ನಡಿಯಿಂದ ಬಂದ ಬೆಳಕನ್ನು ಕೂಡಿಸಿದರೂ ಹಾಗೇ, ಬೆಳಕು ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಕನ್ನಡಿಗಳ ನಡುವೆ ದೂರ ಹೆಚ್ಚಿಸಿದಂತೆ ಪಟ್ಟಿ ಮಾಸುತ್ತದೆ. ನಕ್ಷತ್ರ ಅಗಲವಾಗಿ ಕಂಡಷ್ಟೂ ಬೇಗ ಮಾಸುತ್ತದೆ. ಕನ್ನಡಿಗಳ ನಡುವೆ ಸುಮಾರು 10 ಅಡಿ ಆದಾಗ ಆರಿದ್ರಾದ ಪಟ್ಟಿ ಮಾಯವಾಯಿತು. ಆ ದೂರದಿಂದಲೇ ನಕ್ಷತ್ರದ ಅಗಲದ ಲೆಕ್ಕ ಸಿಕ್ಕಿತು. ನನಗಂತೂ ಇದು ಇವತ್ತಿಗೂ ಮೋಸದಾಟದ ಹಾಗೆ ಕಾಣುತ್ತದೆ.

ಈಗ ಇದೇ ಆಟ ಚಿಲಿಯ ಪರನಾಲ್ ಬೆಟ್ಟದಲ್ಲಿ ನಡೆಯುತ್ತಿದೆ. 8.2 ಮೀಟರಿನ ನಾಲ್ಕು ಟೆಲಿಸ್ಕೋಪ್, ಅವುಗಳ ನಡುವೆ 130 ಮೀಟರ್‌ವರೆಗೆ ದೂರ. ಒಂದಕ್ಕೆ ಬೆಳಕು ಚೂರು ಬೇಗ ತಲುಪಿದರೆ, ಸುರಂಗದಲ್ಲಿ ಹಳಿಯ ಮೇಲೆ ಓಡುವ ಕನ್ನಡಿ ಗಾಡಿಗಳು ಅದನ್ನು ಸುತ್ತು ಹಾಕಿಸುತ್ತವೆ, ಎಲ್ಲ ಬೆಳಕೂ ಒಟ್ಟಿಗೆ ಸೇರಲಿ ಅಂತ. ಲೆಕ್ಕ ತಪ್ಪಿದರೂ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟೂ ತಪ್ಪುವಂತಿಲ್ಲ. ನೋಡುವುದು ಇನ್‌ಫ್ರಾರೆಡ್‌ನಲ್ಲಿ, ಅಂದರೆ ಕೆಂಪಿನ ಆಚೆಗಿರುವ, ಕಣ್ಣಿಗೆ ಕಾಣದ ಬೆಳಕಿನಲ್ಲಿ. ಆರಿದ್ರಾದಂಥ ತಣ್ಣನೆಯ ಕೆಂಪು ನಕ್ಷತ್ರಗಳು ಅದರಲ್ಲೇ ಹೆಚ್ಚು ಬೆಳಗುತ್ತವೆ, ಗಾಳಿಯ ನಡುಕದ ಕಾಟವೂ ಕಡಿಮೆ.

ಒಂದೇ ಶತ್ರು, ನೀರಿನ ಆವಿ. ಇನ್‌ಫ್ರಾರೆಡ್ ಬೆಳಕನ್ನು ಅದು ನುಂಗಿಬಿಡುತ್ತದೆ. ಅದಕ್ಕೇ ಮಳೆಯನ್ನೇ ಹೆಚ್ಚುಕಡಿಮೆ ಕಾಣದ ಅಟಕಾಮಾ ಮರುಭೂಮಿ ಬೇಕಾಯಿತು. ಮಳೆಯ ನಕ್ಷತ್ರವನ್ನು ನೋಡಲು ಮಳೆಯಿಲ್ಲದ ಊರು! ಭಾಗಮಂಡಲದಲ್ಲಿ ಕಟ್ಟಿದ್ದರೆ ಆ ಕನ್ನಡಿಗೆ ಪಾಚಿ ಹಿಡಿಯುತ್ತಿತ್ತು.

ಅಮೆರಿಕದ ಬೇರೆ ಟೆಲಿಸ್ಕೋಪುಗಳಲ್ಲಿ ಹೀಗೇ ಇನ್‌ಫ್ರಾರೆಡ್ ಬೆಳಕು ಕೂಡಿಸಿ 2009ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಆರಿದ್ರಾದ ಮೈಮೇಲೆ ಎರಡು ದೊಡ್ಡ ಹೊಳೆಯುವ ಮಚ್ಚೆ ಕಂಡವು. 2020ರ ಫೆಬ್ರವರಿಯಲ್ಲಿ ಅದು ಮಂಕಾಗಿದ್ದಾಗ ಇದೇ ಕಣದಲ್ಲಿ ನಿಂತು, ನನ್ನ ಕನ್ನಡಕದ್ದೇ ತಪ್ಪು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನಕ್ಷತ್ರವೇ ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ನಮಗೆ ಅಡ್ಡ ನಿಂತಿತ್ತಂತೆ.

ಅಯ್ಯೋ, ಚಿತ್ರ ಮಸುಕಾಯಿತಾ? ಅದು ದೂಳಲ್ಲ. ಲೆನ್ಸ್ ಮೇಲೆ ಇಬ್ಬನಿ ಕೂತಿದೆ. ಒರೆಸಿಕೊಂಡು ಬರುತ್ತೇನೆ, ಇರಿ.