ಸೀಟು ಸಿಕ್ಕ ಮೇಲೆ ಮೂರು ಸಂಜೆ

ಎಲ್ಲರಿಗೂ ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಹುಮನಾಬಾದ ರೈಲು ನಿಲ್ದಾಣ. ಕಲ್ಲುಬೆಂಚಿನ ಮೇಲೆ ಕುಳಿತು ಶೇಂಗಾ ಸುಲಿಯುತ್ತಿರುವವಳು ನನ್ನ ಮಗಳು. ಐದನೆಯ ತರಗತಿ ಮುಗಿಸಿರುವ ಅವಳಿಗೆ ಆರನೆಯ ತರಗತಿಗೆಂದು ಮೂರು ವಸತಿ ಶಾಲೆಗಳಲ್ಲಿ ಸೀಟು ಸಿಕ್ಕಿದೆ. ಒಂದು, ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿರುವ ಜವಾಹರ ನವೋದಯ ವಿದ್ಯಾಲಯ. ಇನ್ನೊಂದು, ನಮ್ಮ ಬೀದರ ಜಿಲ್ಲೆಯದೇ ಆದ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆ. ಮೂರನೆಯದು, ಕಲಬುರಗಿ ನಗರದ ಹೊರವಲಯದಲ್ಲಿರುವ ಒಂದು ಖಾಸಗಿ ವಸತಿ ಶಾಲೆ. ಸೀಟು ಸಿಕ್ಕ ಸುದ್ದಿ ಕೇಳಿದ ಬಂಧುಬಳಗದವರೆಲ್ಲ ಪೇಢೆ ತಿಂದು, ಇನ್ನು ಚಿಂತೆ ಮುಗಿಯಿತು ಎಂದು ಹರಸಿ ಹೋದರು. ನನ್ನ ಚಿಂತೆ ಆರಂಭವಾದದ್ದೇ ಅಂದಿನಿಂದ.

ಅದಕ್ಕೆ ಕಾರಣವಿದೆ. ನಾನೂ ಹನ್ನೊಂದನೆಯ ವಯಸ್ಸಿಗೆ ಹಾಸ್ಟೆಲ್ ಸೇರಿದವಳು. ನನ್ನ ಅಪ್ಪ ಆ ಜಾಗವನ್ನು ಮೊದಲೆಂದೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಟ್ರಂಕು ಇಳಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿ, ಬಂದ ಬಸ್ಸಿಗೇ ಅವರು ಹಿಂದಿರುಗಿದರು. ಮೂರನೆಯ ರಾತ್ರಿ ನನಗೆ ಮೈ ಸುಡುವಂಥ ಜ್ವರ ಬಂತು. ಯಾರನ್ನು ಎಬ್ಬಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಎಬ್ಬಿಸಬಹುದಾದ ದೊಡ್ಡವರು ಆ ಕಟ್ಟಡದಲ್ಲಿ ಯಾರೂ ಮಲಗುತ್ತಿರಲಿಲ್ಲವೆಂಬುದು ಬೆಳಗಾದ ಮೇಲೆ ತಿಳಿಯಿತು. ಅಪ್ಪನಿಗೆ ನನ್ನ ಮೇಲಿದ್ದ ಅಕ್ಕರೆಗೆ ಎಂದೂ ಕೊರತೆಯಿರಲಿಲ್ಲ. ಸೀಟು ಸಿಕ್ಕಿತೆಂದರೆ ಮುಂದಿನದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ಅವರು ನಂಬಿದ್ದರು, ಅಷ್ಟೆ.

ಆದ್ದರಿಂದ ನಾವು ಒಂದು ನಿಯಮ ಮಾಡಿಕೊಂಡೆವು. ಸಂಜೆ ನಾಲ್ಕರವರೆಗೆ ಅದು ಶಾಲೆ. ನಾಲ್ಕರ ನಂತರ ಅದೇ ಮಗುವಿನ ಮನೆ. ಪಾಠ, ಫಲಿತಾಂಶ, ಪ್ರಯೋಗಾಲಯಗಳ ವಿಷಯವನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಮನೆ ಹೇಗಿದೆ ಎಂಬುದನ್ನು ಮಾತ್ರ ಸಂಜೆ ಹೋಗಿಯೇ ನೋಡಬೇಕು, ಮಗುವನ್ನು ಜೊತೆಗೆ ಕರೆದುಕೊಂಡು ನೋಡಬೇಕು. ಮೂರೂ ಶಾಲೆಗಳ ಪ್ರಾಂಶುಪಾಲರಿಗೆ ಮುಂಚಿತವಾಗಿ ಫೋನ್ ಮಾಡಿ, ಸಂಜೆಯ ಭೇಟಿಗೆ ಅನುಮತಿ ಕೇಳಿದೆವು. ಒಳಗಿನ ದೃಶ್ಯಗಳನ್ನು ನಾನು ಚಿತ್ರೀಕರಿಸಿಲ್ಲ. ಅಲ್ಲಿ ಮಕ್ಕಳು ಇರುತ್ತಾರೆ, ಅವರ ಬಟ್ಟೆಬರೆ ಹರಡಿರುತ್ತದೆ. ಅದನ್ನು ನಿಮಗೆ ತೋರಿಸುವ ಅಧಿಕಾರ ನನಗಿಲ್ಲ. ಹೀಗಾಗಿ ಈ ವಿಡಿಯೊದಲ್ಲಿ ನೀವು ದಾರಿಯನ್ನು, ಹೊಲಗಳನ್ನು, ಗೇಟುಗಳನ್ನು ನೋಡುತ್ತೀರಿ. ಒಳಗಿನದನ್ನು ನನ್ನ ಮಾತಿನಲ್ಲಿ ಕೇಳಬೇಕು.

ಈಗ ಕಿಟಕಿಯಾಚೆ ಕತ್ತಲಾಗಿರುವುದು ಮರಗುತ್ತಿಯ ಸುರಂಗದಲ್ಲಿ. ಬೀದರ ಮತ್ತು ಕಲಬುರಗಿಗಳ ನಡುವಿನ ಈ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಪೂರ್ಣಗೊಂಡು ಉದ್ಘಾಟನೆಯಾಯಿತು. ನನ್ನ ಕಾಲದಲ್ಲಿ ಇಂಥದೊಂದು ರೈಲು ಇದ್ದಿದ್ದರೆ ನನ್ನ ಅವ್ವ ತಿಂಗಳಿಗೊಮ್ಮೆಯಾದರೂ ಬಂದು ಮುಖ ತೋರಿಸಿ ಹೋಗುತ್ತಿದ್ದಳೇನೋ ಎಂದು ಪ್ರತಿ ಸಲ ಈ ಸುರಂಗ ದಾಟುವಾಗಲೂ ನನಗೆ ಅನ್ನಿಸುತ್ತದೆ. ಶಾಲೆಯನ್ನು ಆರಿಸುವಾಗ ಊರಿನಿಂದ ಅಲ್ಲಿಗೆ ತಲುಪುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ಒಂಬತ್ತಕ್ಕೆ ಕರೆ ಬಂದರೆ ಎಷ್ಟು ಹೊತ್ತಿಗೆ ಆ ಗೇಟಿನ ಮುಂದೆ ನಿಲ್ಲಬಲ್ಲೆವು ಎಂಬುದನ್ನು ನಾವು ಮೂರೂ ಶಾಲೆಗಳಿಗೆ ಲೆಕ್ಕ ಹಾಕಿಟ್ಟುಕೊಂಡಿದ್ದೆವು.

ಕಲಬುರಗಿಯ ಖಾಸಗಿ ಶಾಲೆಯಲ್ಲಿ ಸಂಜೆಯ ಭೇಟಿಗೆ ಒಪ್ಪಿದ್ದರೂ, ನಾವು ಹೋದಾಗ ಮೊದಲು ತೋರಿಸಿದ್ದು ಸ್ವಾಗತ ಕೊಠಡಿ, ಗೋಡೆಯ ತುಂಬ ತೂಗುಹಾಕಿದ್ದ ರ‍್ಯಾಂಕ್ ವಿಜೇತರ ಫೋಟೊಗಳು, ಸ್ಮಾರ್ಟ್ ಬೋರ್ಡುಗಳ ತರಗತಿಗಳು. ಗಣಿತದ ಶಿಕ್ಷಕರೊಬ್ಬರು ಮಗಳಿಗೆ ಭಿನ್ನರಾಶಿಯ ಒಂದು ಲೆಕ್ಕವನ್ನು ರೊಟ್ಟಿ ಮುರಿದು ಹಂಚುವ ಉದಾಹರಣೆಯಿಂದ ಹೇಳಿಕೊಟ್ಟ ರೀತಿ ಬಹಳ ಚೆನ್ನಾಗಿತ್ತು. ಅಂಥ ಗುರುಗಳು ಸಿಗುವುದು ಪುಣ್ಯ. ಮಲಗುವ ಕೊಠಡಿಗಳನ್ನು ನೋಡಬೇಕೆಂದಾಗ ಮಾತ್ರ ಸ್ವಲ್ಪ ಹಿಂದೇಟು ಹಾಕಿದರು. ಬಾಲಕಿಯರ ಕೊಠಡಿಗಳು ಮೇಲಿನ ಮಹಡಿಯಲ್ಲಿದ್ದವು. ಮಳೆ ಬಿದ್ದು ನಾಲ್ಕು ದಿನವಾಗಿದ್ದರೂ ಛಾವಣಿ ಇನ್ನೂ ಬಿಸಿ ಕಾರುತ್ತಿತ್ತು. ಒಂದು ಕೊಠಡಿಯಲ್ಲಿ ಇಪ್ಪತ್ತನಾಲ್ಕು ಹಾಸಿಗೆಗಳು, ನಾಲ್ಕು ಫ್ಯಾನುಗಳು. ಮೇ ತಿಂಗಳ ಕಲಬುರಗಿಯ ಬಿಸಿಲನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಮಗಳು ತಾನೇ ಒಂದು ಪ್ರಶ್ನೆ ಕೇಳಿದಳು. ನನ್ನ ಜ್ವರದ ಕಥೆಯನ್ನು ಅವಳು ಮನೆಯಲ್ಲಿ ಕೇಳಿ ಬೆಳೆದವಳು. ಜೊತೆಗಿದ್ದ ಮೇಡಂ ಅವರನ್ನು, "ರಾತ್ರಿ ಹೊಟ್ಟಿ ನೋವಾದ್ರ ಯಾರನ್ನ ಎಬ್ಬಸಬೇಕ್ರಿ?" ಎಂದಳು. ಅವರು ನಕ್ಕು, ಬೆಳಿಗ್ಗೆ ಕಚೇರಿಯಿಂದ ಪಾಲಕರಿಗೆ ಫೋನ್ ಮಾಡುತ್ತೇವೆ ಎಂದರು. ವಿಚಾರಿಸಿದಾಗ, ವಾರ್ಡನ್ ಊರೊಳಗೆ ಬೇರೆ ಮನೆ ಮಾಡಿಕೊಂಡಿದ್ದು ರಾತ್ರಿ ಎಂಟರ ನಂತರ ಆವರಣದಲ್ಲಿ ಇರುವುದಿಲ್ಲವೆಂದು ತಿಳಿಯಿತು. ಅಲ್ಲಿಯ ಒಂದು ವರ್ಷದ ಶುಲ್ಕ ನಮ್ಮ ಮೂರು ಎಕರೆ ತೊಗರಿಯ ಉತ್ಪನ್ನಕ್ಕಿಂತ ಹೆಚ್ಚು. ಹಾಗಿದ್ದೂ ಶುಲ್ಕದ ಮಾತು ನಮ್ಮ ನಡುವೆ ಬರಲೇ ಇಲ್ಲ. ಮಗಳ ಪ್ರಶ್ನೆಗೆ ಬಂದ ಉತ್ತರದಲ್ಲಿಯೇ ತೀರ್ಮಾನವಾಗಿಹೋಗಿತ್ತು.

ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಹೋದದ್ದು ಎರಡು ದಿನಗಳ ನಂತರ. ಈ ಶಾಲೆಗಳನ್ನು ನಡೆಸುವುದು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ, ನಮ್ಮೆಲ್ಲರ ಬಾಯಲ್ಲಿ ಕ್ರೈಸ್. ಪ್ರವೇಶ ಪರೀಕ್ಷೆಯ ಅಂಕ, ಮೀಸಲಾತಿ ಮತ್ತು ನಾವು ಕೊಟ್ಟ ಶಾಲೆಗಳ ಆದ್ಯತಾ ಪಟ್ಟಿ ಇವುಗಳನ್ನು ನೋಡಿ ಸುತ್ತು ಸುತ್ತಾಗಿ ಸೀಟು ಹಂಚುತ್ತಾರೆ. ಆರರಿಂದ ಹತ್ತನೆಯ ತರಗತಿಯವರೆಗೆ, ತರಗತಿಗೆ ಐವತ್ತು ಮಕ್ಕಳು; ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಹೀಗೆ ಇಡೀ ಶಾಲೆಯಲ್ಲಿ ಸುಮಾರು ಇನ್ನೂರೈವತ್ತು ಮಕ್ಕಳಿರುವುದರಿಂದ ಅಡುಗೆಯವರಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರಿಗೂ ಎಲ್ಲರ ಹೆಸರು ಗೊತ್ತು. ಇದನ್ನು ಯಾವ ಕರಪತ್ರದಲ್ಲಿಯೂ ಬರೆದಿರುವುದಿಲ್ಲ. ಆದರೆ ಅಂಗಳದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಕಿವಿಗೆ ಬೀಳುತ್ತದೆ.

ಕೊರತೆಗಳಿದ್ದವು, ಅವನ್ನೂ ಹೇಳಬೇಕು. ಇಬ್ಬರು ಶಿಕ್ಷಕರ ಹುದ್ದೆಗಳು ಖಾಲಿಯಿದ್ದು, ಅತಿಥಿ ಶಿಕ್ಷಕರು ಪಾಠ ನಡೆಸುತ್ತಿದ್ದರು. ಬೋರ್‌ವೆಲ್ ನೀರು ಸಾಲದೆ ದಿನಕ್ಕೊಂದು ಟ್ಯಾಂಕರ್ ತರಿಸುತ್ತಿದ್ದರು. ಬಾಲಕಿಯರ ಸ್ನಾನಗೃಹಗಳಲ್ಲಿ ಎರಡರ ಚಿಲಕ ಮುರಿದಿತ್ತು. ಹೆಣ್ಣುಮಕ್ಕಳ ಹಾಸ್ಟೆಲ್ ನೋಡಲು ಹೋಗುವ ತಾಯಂದಿರಲ್ಲಿ ನನ್ನದೊಂದು ವಿನಂತಿ: ಸ್ನಾನಗೃಹದ ಪ್ರತಿಯೊಂದು ಬಾಗಿಲನ್ನೂ ಒಳಗಿನಿಂದ ಹಾಕಿ ನೋಡಿ, ಸಂಕೋಚ ಮಾಡಬೇಡಿ. ಚಿಲಕವಿಲ್ಲದ ಬಾಗಿಲಿನ ಭಯದಲ್ಲಿ ಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮಕ್ಕಳ ಸಹಾಯವಾಣಿ 1098 ಎಂದು ಬರೆದ ಫಲಕ ಎಲ್ಲಿದೆ ಎಂಬುದನ್ನೂ ನೋಡಿ. ಅದು ಕಚೇರಿಯ ಗೋಡೆಗಿಂತ ಮಕ್ಕಳು ಓಡಾಡುವ ಮೊಗಸಾಲೆಯಲ್ಲಿ ಇರಬೇಕು. ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ. ಹಾಗಿದ್ದರೂ, ತಪ್ಪು ಮಾಡಿದ ಮಗುವಿಗೆ ಇಲ್ಲಿ ಏನು ಮಾಡುತ್ತೀರಿ ಎಂದು ಬಾಯಿಬಿಟ್ಟು ಕೇಳುವುದು ಪಾಲಕರ ಕರ್ತವ್ಯ.

ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಅನ್ನ, ಸಾರು ಇತ್ತು. ಮಗಳು ಮಕ್ಕಳ ಸಾಲಿನಲ್ಲಿಯೇ ತಟ್ಟೆ ಹಿಡಿದು ಕುಳಿತಳು. ಮನೆ ನೆನಪಾಗಿ ಅಳುತ್ತಿದ್ದ ಚಿಕ್ಕ ಹುಡುಗಿಯೊಬ್ಬಳ ಪಕ್ಕದಲ್ಲಿ ದೊಡ್ಡ ತರಗತಿಯ ಹುಡುಗಿ ಕುಳಿತು, ಏನೂ ಮಾತನಾಡದೆ ರೊಟ್ಟಿಯನ್ನು ಚೂರು ಮಾಡಿ ಅವಳ ತಟ್ಟೆಗೆ ಹಾಕುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿದಂತೆ ಕಾಣಲಿಲ್ಲ. ಮಗಳು ಅದೇ ಪ್ರಶ್ನೆಯನ್ನು ನಿಲಯಪಾಲಕಿಯವರಿಗೆ ಕೇಳಿದಳು. ಅವರು ಬಾಯಿಂದ ಉತ್ತರಿಸಲಿಲ್ಲ, ಕೈ ಹಿಡಿದು ಮೊಗಸಾಲೆಯ ಕೊನೆಗೆ ಕರೆದೊಯ್ದು ತಮ್ಮ ಕೋಣೆಯ ಬಾಗಿಲು ತೋರಿಸಿ, "ಇದ ನೋಡವ್ವಾ ನನ್ ಬಾಗ್ಲಾ. ಎಷ್ಟ ಹೊತ್ನಾಗರ ಬಡಿ" ಎಂದರು. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನಾನು ಬಹಳ ಹೊತ್ತು ಮಾತನಾಡಲಿಲ್ಲ.

ಈ ನೆಲದಲ್ಲಿ ಮಕ್ಕಳನ್ನು ಮನೆಯಿಂದ ದೂರವಿಟ್ಟು ಓದಿಸುವ ರೂಢಿ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಸ್ವಾಮಿಗಳಾದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಬೀದರ ಜಿಲ್ಲೆಯ ಪ್ರತಿಯೊಂದು ಮನೆಯಲ್ಲಿಯೂ ಹೇಳುತ್ತಾರೆ. ನಾರಾಯಣಪುರದ ದಾರಿಯಲ್ಲಿ ಮಗಳಿಗೆ ಅದನ್ನು ಹೇಳಿದಾಗ ಅವಳು, ಹಾಗಾದರೆ ಫಲಕ ಓದಿ ಶಾಲೆಯನ್ನು ತಿಳಿಯಲು ಬರುವುದಿಲ್ಲ ಎಂದಳು. ಈ ಮೂರು ಭೇಟಿಗಳ ಉದ್ದೇಶವನ್ನು ನಾನು ಅಷ್ಟು ಚೊಕ್ಕವಾಗಿ ಹೇಳಲಾರೆ.

ಈಗ ದೂರದಲ್ಲಿ ಕಾಣುತ್ತಿರುವುದು ಬಸವಕಲ್ಯಾಣದ 108 ಅಡಿ ಎತ್ತರದ ಬಸವಣ್ಣನವರ ಮೂರ್ತಿ. ನವೋದಯದ ಬಗ್ಗೆ ನಿಮ್ಮಲ್ಲಿ ಬಹಳಷ್ಟು ಜನರಿಗೆ ಗೊತ್ತಿರುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬೆಳೆದ ಈ ಶಾಲೆಗಳಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟುಗಳು. ಅವುಗಳಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಆರನೆಯ ತರಗತಿಯ ಆಯ್ಕೆ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಬಿಟ್ಟುಕೊಟ್ಟ ಸೀಟಿಗಾಗಿ ಮರುವರ್ಷ ಮತ್ತೆ ಪ್ರಯತ್ನಿಸಲು ಬರುವುದಿಲ್ಲ. ಬಂಧುಗಳು "ನವೋದಯ ಸಿಕ್ಕ ಮ್ಯಾಲ ನೋಡೂದೇನೈತಿ" ಎನ್ನುತ್ತಿದ್ದುದು ಇದೇ ಕಾರಣಕ್ಕೆ. ಆದರೆ ಅದರಲ್ಲಿಯೂ ತಿಳಿದುಕೊಳ್ಳಬೇಕಾದದ್ದು ಬಹಳವಿತ್ತು. ಏಳು ಅಥವಾ ಎಂಟನೆಯ ತರಗತಿಯವರೆಗೆ ಪ್ರಾದೇಶಿಕ ಭಾಷೆಯ ಮಾಧ್ಯಮ, ಆನಂತರ ಹಿಂದಿ ಮತ್ತು ಇಂಗ್ಲಿಷ್. ಒಂಬತ್ತನೆಯ ತರಗತಿಯಲ್ಲಿ ಶೇಕಡ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸಿ, ಅಲ್ಲಿಯ ಮಕ್ಕಳನ್ನು ಇಲ್ಲಿಗೆ ಕರೆಸಿಕೊಳ್ಳುತ್ತಾರೆ. ಈ ಸಂಗತಿ ಪ್ರವೇಶದ ಸಂಭ್ರಮದಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ತಾಯಂದಿರು ಕಣ್ಣೀರು ಹಾಕುತ್ತಾರೆ. ನನ್ನವರು ಅದನ್ನೇ ಮೊದಲ ಪ್ರಶ್ನೆಯಾಗಿ ಕೇಳಿದರು. ಹಾಗೆ ಹೋಗಿಬಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮಗಳ ಜೊತೆ ಮರದ ಕೆಳಗೆ ಕುಳಿತು ಅರ್ಧ ತಾಸು ಮಾತನಾಡಿದಳು. ನಾವು ದೂರ ನಿಂತೆವು. ಮಕ್ಕಳು ಮಕ್ಕಳೊಡನೆ ಮಾತನಾಡುವಾಗ ಪಾಲಕರು ದೂರ ನಿಲ್ಲಬೇಕು.

ಶಿಕ್ಷಕರು ಆವರಣದಲ್ಲಿಯೇ ವಾಸಿಸುತ್ತಾರೆ, ನರ್ಸ್ ಇದ್ದಾರೆ. ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಸದನಗಳಾಗಿ ಹಂಚಿ, ಪ್ರತಿಯೊಂದಕ್ಕೂ ಶಿಕ್ಷಕರನ್ನು ಹೊಣೆ ಮಾಡಿರುತ್ತಾರೆ. ಮಗಳ ಪ್ರಶ್ನೆಗೆ ಸದನದ ಮೇಡಂ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಮೊದಲು ಸದನದ ಹಿರಿಯ ಹುಡುಗಿ, ಅವಳಿಂದ ತಮಗೆ, ತಮ್ಮಿಂದ ನರ್ಸಿಗೆ. ನಾವು ಹೊರಡುವ ಹೊತ್ತಿಗೆ ಸಂಜೆಯ ಓದಿನ ಗಂಟೆ ಹೊಡೆದಿತ್ತು.

ಆ ರಾತ್ರಿ ಮನೆಯಲ್ಲಿ ಒಮ್ಮತವಿರಲಿಲ್ಲ. ನನ್ನ ಮನಸ್ಸು ಆ ನಿಲಯಪಾಲಕಿಯ ಬಾಗಿಲಿನ ಕಡೆಗಿತ್ತು. ಆ ಊರಿಗೆ ಬಸ್ಸಿನಲ್ಲಿ ಒಂದು ತಾಸಿನೊಳಗೆ ಹೋಗಬಹುದು. ನನ್ನವರು ನವೋದಯವೇ ಆಗಲಿ ಎಂದರು. ಮಗಳು ಇಬ್ಬರ ಮಾತನ್ನೂ ಕೇಳಿ, "ಅಲ್ಲಿ ಹನ್ನೆರಡರ ತನಕ ಒಂದ ಜಾಗಾ ಅದ. ನನಗ ಪದೇ ಪದೇ ಹೊಸಾ ಹಾಸಿಗಿ ಬ್ಯಾಡವ್ವಾ. ಒಂಬತ್ತನೇದಾಗ ಕಳಸಿದ್ರ ಒಂದ ವರ್ಷ ಹೋಗಿ ಬರ್ತೀನಿ" ಎಂದಳು. ಹತ್ತನೆಯ ತರಗತಿಯ ನಂತರ ಮತ್ತೆ ಹೊಸ ಕಾಲೇಜು, ಹೊಸ ಹಾಸ್ಟೆಲ್ ಹುಡುಕಬೇಕೆಂಬುದನ್ನು ನಾನು ಅಷ್ಟಾಗಿ ಯೋಚಿಸಿರಲಿಲ್ಲ. ಅಲ್ಲಿ ಇರಬೇಕಾದವಳು ಅವಳು. ಅವಳ ಮಾತೇ ಉಳಿಯಿತು.

ಮೊರಾರ್ಜಿ ಶಾಲೆಯ ಸೀಟು ಬಿಡುವುದನ್ನು ಫೋನಿನಲ್ಲಿ ತಿಳಿಸಲು ನನಗೆ ಮನಸ್ಸಾಗಲಿಲ್ಲ. ಮರುದಿನ ನಾವಿಬ್ಬರೂ ಹೋಗಿ, ಈ ಸೀಟು ನಮಗೆ ಬೇಡ, ಮುಂದಿನ ಸುತ್ತಿನಲ್ಲಿ ಬೇರೆ ಮಗುವಿಗೆ ಕೊಡಿ ಎಂದು ಪ್ರಾಂಶುಪಾಲರಿಗೆ ಬರೆದುಕೊಟ್ಟೆವು. ನಿಲಯಪಾಲಕಿ, "ಬಂದು ಹೇಳಿದ್ದು ಛಲೋ ಆತ್ರಿ ಅಕ್ಕಾ. ಭಾಳ ಮಂದಿ ಹೇಳಂಗೇ ಇಲ್ಲ, ಇಲ್ಲಿ ಹಾಸಿಗಿ ಖಾಲಿ ಬಿದ್ದಿರ್ತದ, ಅಲ್ಲಿ ಯಾವುದೋ ಹುಡುಗಿ ಸೀಟಿಲ್ಲ ಅಂತ ಮನ್ಯಾಗ ಕುಂತಿರ್ತದ" ಎಂದರು. ಸ್ನಾನಗೃಹದ ಬಾಗಿಲುಗಳಿಗೆ ಹೊಸ ಚಿಲಕ ಹಾಕಿಸಿದ್ದರು. ಮಗಳು ಹೋಗಿ ಎರಡನ್ನೂ ಒಳಗಿನಿಂದ ಹಾಕಿ, ತೆಗೆದು ನೋಡಿ ಬಂದಳು.